ಲೈವ್ ಬಂದರೆ ರೆಕಾರ್ಡಿಂಗ್ ಆದಂತಲ್ಲ

ಸಂಪಾದಕರಿಗೆ,

ಮನೆಗಳ್ಳತನದ ವರದಿಗಳ ಕೊನೆಯಲ್ಲಿ ಆಗಾಗ ಒಂದು ಸಾಲು ಇರುತ್ತದೆ: ಸಿಸಿಟಿವಿ ಇತ್ತು, ದೃಶ್ಯ ಸಿಕ್ಕಿಲ್ಲ. ಕಳ್ಳರು ದೃಶ್ಯ ದಾಖಲಿಸಿಡುವ ಪೆಟ್ಟಿಗೆಯಾದ ಡಿವಿಆರನ್ನೇ ಹೊತ್ತೊಯ್ದಿದ್ದರೆ ಆ ಮಾತು ಬೇರೆ. ಆದರೆ ನಾವು ದುರಸ್ತಿಗೆ ಹೋಗುವ ಮನೆಗಳಲ್ಲಿ ಕಾಣುವುದು ಇನ್ನೊಂದು ಬಗೆ. ಕ್ಯಾಮೆರಾ ಚೆನ್ನಾಗಿಯೇ ಇರುತ್ತದೆ, ರೆಕಾರ್ಡಿಂಗ್ ನಿಂತು ತಿಂಗಳುಗಳಾಗಿರುತ್ತವೆ, ಮನೆಯವರಿಗೆ ಸುಳಿವೇ ಇರುವುದಿಲ್ಲ.

ಕಾರಣ ಸರಳ. ಮೊಬೈಲ್ ತೆರೆದರೆ ಗೇಟು ಕಾಣುತ್ತದೆ, ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ. ಆ ಲೈವ್ ಚಿತ್ರ ಹಾರ್ಡ್ ಡಿಸ್ಕಿನ ದಾರಿಯಲ್ಲಿ ಬರುವುದೇ ಇಲ್ಲ. ಡಿಸ್ಕನ್ನು ಬಿಚ್ಚಿ ಮೇಜಿನ ಮೇಲಿಟ್ಟರೂ ಲೈವ್ ಬರುತ್ತಲೇ ಇರುತ್ತದೆ. ಹಾಗಾಗಿ ನೋಡಬೇಕಾದದ್ದು ಪ್ಲೇಬ್ಯಾಕ್, ಅಂದರೆ ರೆಕಾರ್ಡ್ ಆದದ್ದನ್ನು ಮತ್ತೆ ಓಡಿಸಿ ನೋಡುವುದು.

ಗಡಿಯಾರ ನೋಡಿಕೊಂಡು ಪ್ರತಿ ಕ್ಯಾಮೆರಾದ ಮುಂದೆಯೂ ಒಮ್ಮೆ ಹಾದುಹೋಗಿ. ಕಾಲು ಗಂಟೆ ಬಿಟ್ಟು ಆ ನಿಮಿಷವನ್ನು ಪ್ಲೇಬ್ಯಾಕಿನಲ್ಲಿ ಹುಡುಕಿ. ಅಲ್ಲಿಗೇ ನಿಲ್ಲಿಸಬೇಡಿ. ನಿನ್ನೆ ರಾತ್ರಿ ಎರಡು ಗಂಟೆಯ ಹೊತ್ತಿನದನ್ನು ಮತ್ತು ಒಂದು ವಾರ ಹಿಂದಿನದನ್ನು ಕೂಡ ತೆರೆಯಿರಿ. ಸದಾ ರೆಕಾರ್ಡ್ ಆಗುವಂತೆ ಇಟ್ಟಿದ್ದರೆ, ಈ ಮೂರೂ ಸಿಕ್ಕರೆ ಮಾತ್ರ ವ್ಯವಸ್ಥೆ ನಡೆಯುತ್ತಿದೆ ಎಂದರ್ಥ. ಪರದೆಯ ಕೆಳಗಿನ ಸಮಯದ ಪಟ್ಟಿಯಲ್ಲಿ ಬಣ್ಣ ತುಂಡು ತುಂಡಾಗಿದ್ದರೆ ಎರಡು ಸಾಧ್ಯತೆ: ಚಲನೆ ಇದ್ದಾಗ ಮಾತ್ರ ರೆಕಾರ್ಡ್ ಆಗುವಂತೆ ಇಟ್ಟಿರಬಹುದು, ಇಲ್ಲವೇ ನಡುನಡುವೆ ವಿದ್ಯುತ್ತೋ ಸಂಪರ್ಕವೋ ತಪ್ಪಿರಬಹುದು. ಎಲ್ಲ ಚಾನೆಲ್‌ಗಳ (ಒಂದು ಕ್ಯಾಮೆರಾಕ್ಕೆ ಒಂದು ಚಾನೆಲ್) ಪಟ್ಟಿಯೂ ಒಂದೇ ಹೊತ್ತಿಗೆ ತುಂಡಾಗಿದ್ದರೆ ತಪ್ಪು ಡಿವಿಆರಿನದ್ದೋ ಕರೆಂಟಿನದ್ದೋ ಇರುತ್ತದೆ. ಒಂದೇ ಚಾನೆಲ್ ಆದರೆ ಆ ಕ್ಯಾಮೆರಾದ್ದು ಅಥವಾ ಅದರ ವೈರಿನದ್ದು.

ಆಮೇಲೆ ಡಿವಿಆರಿನ ಮೆನುವಿನಲ್ಲಿ ಸ್ಟೋರೇಜ್ ಭಾಗಕ್ಕೆ ಹೋಗಿ ಡಿಸ್ಕಿನ ಸ್ಥಿತಿ ನೋಡಿ. 'ನಾರ್ಮಲ್' ಎಂದಿರಬೇಕು. 1 ಟಿಬಿ ಡಿಸ್ಕ್ 931 ಜಿಬಿ ಎಂದು ತೋರಿಸುವುದು ಸಹಜ. ಖಾಲಿ ಜಾಗ ಸೊನ್ನೆ ಎಂದಿದ್ದರೂ ಗಾಬರಿ ಬೇಡ, ಓವರ್‌ರೈಟ್ ಆನ್ ಇದ್ದರೆ ಸಾಕು. ಹಳೆಯದು ಅಳಿದು ಹೊಸದು ಕೂರುತ್ತದೆ. ಅದು ಆಫ್ ಆಗಿದ್ದರೆ ಡಿಸ್ಕ್ ತುಂಬಿದ ದಿನವೇ ರೆಕಾರ್ಡಿಂಗ್ ನಿಂತುಬಿಡುತ್ತದೆ. ಅಳವಡಿಸಿದ ದಿನದ ಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ, ಎರಡು ವಾರ ಕಳೆದ ಮೇಲೆ ನೋಡಬೇಕು. ಡಿಸ್ಕ್ ಕೆಟ್ಟಾಗ ಬಹುತೇಕ ಡಿವಿಆರ್‌ಗಳು ಬಿಡದೆ ಬೀಪ್ ಹೊಡೆಯುತ್ತವೆ. ಆ ಸದ್ದು ಕಿರಿಕಿರಿ ಎಂದು ಮೆನುವಿಗೆ ಹೋಗಿ ಬಜರ್ ಆಫ್ ಮಾಡಿಸಿಕೊಳ್ಳುವವರು ಕಡಿಮೆಯೇನಿಲ್ಲ. ಎಚ್ಚರಿಸುವ ಬಾಯಿಗೇ ಬೀಗ ಹಾಕಿದಂತೆ ಅದು.

ಎಷ್ಟು ದಿನದ ದೃಶ್ಯ ಉಳಿಯುತ್ತದೆ ಎಂಬುದಕ್ಕೆ ಲೆಕ್ಕವಿದೆ. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ರೆಕಾರ್ಡ್ ಆಗುವ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 10.8 ಜಿಬಿ ನುಂಗುತ್ತದೆ. 2 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ವಿಡಿಯೊವನ್ನು ಕುಗ್ಗಿಸಿ ಇಡುವ ಎಚ್.265 ಕ್ರಮದಲ್ಲಿ 2 ಮೆಗಾಬಿಟ್‌ಗೆ ಇಟ್ಟರೆ ನಾಲ್ಕು ಕ್ಯಾಮೆರಾಗಳಿಗೆ ದಿನಕ್ಕೆ 86 ಜಿಬಿ ಬೇಕು, 1 ಟಿಬಿ ಡಿಸ್ಕ್ ಹತ್ತು-ಹನ್ನೊಂದು ದಿನಕ್ಕೆ ಮುಗಿಯಿತು. ಹಳೆಯ ಎಚ್.264 ಕ್ರಮದಲ್ಲಿ ಅದೇ ಗುಣಮಟ್ಟ ಬೇಕೆಂದರೆ ದಿನಗಳು ಅರ್ಧದ ಆಸುಪಾಸಿಗೆ ಇಳಿಯುತ್ತವೆ. ಹದಿನೈದು ದಿನ ಊರಿಗೆ ಹೋಗುವವರು ಹೊರಡುವ ಮುಂಚೆ ಈ ಗುಣಾಕಾರ ಮಾಡಿಕೊಳ್ಳಬೇಕು. ಜನ ಸೇರುವ ದೊಡ್ಡ ಸಂಸ್ಥೆಗಳು 30 ದಿನದ ದೃಶ್ಯ ಇಟ್ಟಿರಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಮನೆಗೆ ಆ ಕಡ್ಡಾಯವಿಲ್ಲ, ಆದರೂ ಅದು ಒಳ್ಳೆಯ ಅಳತೆ. ಮೇಲಿನ ಲೆಕ್ಕದಲ್ಲಿ 30 ದಿನಕ್ಕೆ 3 ಟಿಬಿ ಡಿಸ್ಕ್ ಬೇಕು. ಹಳೆಯ ಕಂಪ್ಯೂಟರಿನಿಂದ ಕಿತ್ತ ಡಿಸ್ಕ್ ಹಾಕಿಸಿಕೊಳ್ಳಬೇಡಿ. ಹಗಲುರಾತ್ರಿ ಬಿಡುವಿಲ್ಲದೆ ಬರೆಯುವುದಕ್ಕೆಂದೇ ಮಾಡಿದ ಸರ್ವೇಲೆನ್ಸ್ ಡಿಸ್ಕ್‌ಗಳು ಬೇರೆಯೇ ಇವೆ.

ಇನ್ನು ಹೆಚ್ಚು ಜನ ಮರೆಯುವುದು ರಾತ್ರಿಯ ಪರೀಕ್ಷೆ. ಹಗಲಿನಲ್ಲಿ ಅಚ್ಚುಕಟ್ಟಾಗಿ ಕಾಣುವ ಕ್ಯಾಮೆರಾ ಕತ್ತಲಾದ ಮೇಲೆ ಕಣ್ಮುಚ್ಚುವುದುಂಟು. ಕತ್ತಲಾದಾಗ ಲೆನ್ಸಿನ ಸುತ್ತಲಿನ ಇನ್‌ಫ್ರಾರೆಡ್ ಎಲ್‌ಇಡಿಗಳು ಹೊತ್ತಿಕೊಂಡು ವಿದ್ಯುತ್ ಬಳಕೆ ಏರುತ್ತದೆ. ಅಡಾಪ್ಟರ್ ಹಳತಾಗಿದ್ದರೆ, ಅಥವಾ ತಾಮ್ರದ ಬದಲು ಅಗ್ಗದ ಮಿಶ್ರಲೋಹದ 3+1 ಕೇಬಲನ್ನು (ಚಿತ್ರ, ವಿದ್ಯುತ್ ಎರಡನ್ನೂ ಒಯ್ಯುವ ಸಿಸಿಟಿವಿ ವೈರು) ಉದ್ದಕ್ಕೆ ಎಳೆದಿದ್ದರೆ, ಕ್ಯಾಮೆರಾ ತುದಿಯಲ್ಲಿ ವೋಲ್ಟೇಜ್ ಕುಸಿದು ಅದು ಆಫ್ ಆಗಿ ಆನ್ ಆಗಿ ಒದ್ದಾಡುತ್ತದೆ. ಪ್ಲೇಬ್ಯಾಕಿನಲ್ಲಿ ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗೆ ಮಾತ್ರ ಚಿತ್ರ ತುಂಡಾಗುತ್ತಿದ್ದರೆ ರೋಗ ಇದೇ. ಎಲೆಕ್ಟ್ರಿಷಿಯನ್‌ಗೆ ಹೇಳಿ ಕತ್ತಲಾದ ಮೇಲೆ ಕ್ಯಾಮೆರಾ ತುದಿಯಲ್ಲಿ ಮಲ್ಟಿಮೀಟರ್ ಇಡಿಸಿ. 12 ವೋಲ್ಟಿನ ಆಸುಪಾಸು ಇರಬೇಕು, 11ರ ಕೆಳಗಿದ್ದರೆ ಅಡಾಪ್ಟರನ್ನೋ ವೈರನ್ನೋ ಬದಲಿಸಬೇಕು. ಹಗಲಲ್ಲಿ ಅಳೆದರೆ ಪ್ರಯೋಜನವಿಲ್ಲ. ಎಲ್‌ಇಡಿ ಹೊತ್ತಿದೆಯೇ ಎಂದು ನೋಡಲು ಕತ್ತಲಲ್ಲಿ ಮೊಬೈಲಿನ ಸೆಲ್ಫಿ ಕ್ಯಾಮೆರಾವನ್ನು ಅದರತ್ತ ಹಿಡಿಯಿರಿ. ಬರಿಗಣ್ಣಿಗೆ ಮಂಕಾಗಿ ಕಾಣುವ ಬೆಳಕು ಪರದೆಯಲ್ಲಿ ನೇರಳೆ ಬಿಳುಪಾಗಿ ಕಾಣುತ್ತದೆ.

ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಕಾಟ ಬೇರೆ. ಜಂಕ್ಷನ್ ಬಾಕ್ಸ್ ಹಾಕದೆ ಬರೀ ಇನ್ಸುಲೇಷನ್ ಟೇಪ್ ಸುತ್ತಿದ, ಕ್ಯಾಮೆರಾಕ್ಕೆ ವೈರು ಜೋಡಿಸುವ ಬಿಎನ್‌ಸಿ ಕನೆಕ್ಟರಿಗೆ ನೀರಿಳಿದು ಹಸಿರು ಕಿಲುಬು ಕಟ್ಟುತ್ತದೆ, ಚಿತ್ರದಲ್ಲಿ ಗೆರೆಗಳು ಓಡಾಡುತ್ತವೆ. ಲೆನ್ಸಿನ ಮುಂದೆ ಜೇಡ ಬಲೆ ಕಟ್ಟಿದರೆ ರಾತ್ರಿ ಎಲ್‌ಇಡಿ ಬೆಳಕು ಅದಕ್ಕೇ ಬಡಿದು ಪರದೆಯೆಲ್ಲ ಬೆಳ್ಳಗೆ. ಚಲನೆಗೆ ರೆಕಾರ್ಡ್ ಆಗುವ ಕ್ಯಾಮೆರಾ ಆಗಿದ್ದರೆ ಗಾಳಿಗೆ ಅಲುಗುವ ಆ ಎಳೆಯನ್ನೇ ಇರುಳಿಡೀ ಚಿತ್ರಿಸಿ ಜಾಗ ತುಂಬಿಸುತ್ತದೆ. ತಿಂಗಳಿಗೊಮ್ಮೆ ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಗಡಿಯಾರ ಸಣ್ಣ ವಿಷಯವೆನಿಸುತ್ತದೆ, ಆದರೆ ಕೇಸಿನಲ್ಲಿ ಕೈಕೊಡುವುದು ಅದೇ. ಡಿವಿಆರ್ ಒಳಗೆ ನಾಣ್ಯದಂಥ ಸಣ್ಣ ಬ್ಯಾಟರಿ ಇರುತ್ತದೆ. ಅದು ಸತ್ತರೆ ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಓಡುತ್ತದೆ. ದೃಶ್ಯ ಇದ್ದರೂ ನೀವು ಹುಡುಕುವ ತಾರೀಖಿನಲ್ಲಿ ಇರುವುದಿಲ್ಲ. ಕೆಲವು ವೈಫೈ ಕ್ಯಾಮೆರಾಗಳಲ್ಲಿ ಚೀನಾದ ಸಮಯವೇ ಉಳಿದು ಎರಡೂವರೆ ಗಂಟೆ ಮುಂದಿರುತ್ತದೆ. ಟೈಮ್ ಜೋನ್ +5:30ಕ್ಕೆ ಇರಿಸಿ, ಇಂಟರ್ನೆಟ್ಟಿನಿಂದ ಸಮಯ ಪಡೆಯುವ ಆಯ್ಕೆ ಆನ್ ಮಾಡಿ.

ವೈಫೈ ಕ್ಯಾಮೆರಾಗಳಲ್ಲಿ ಸೋಲುವುದು ಮೆಮೊರಿ ಕಾರ್ಡ್. ಸತತವಾಗಿ ಬರೆದು ಸವೆದ ಕಾರ್ಡ್, ಓದಲಷ್ಟೇ ಬಿಟ್ಟು ಹೊಸದನ್ನು ಬರೆಯಲು ಒಪ್ಪದಿರುವುದುಂಟು. ಹಳೆಯ ದೃಶ್ಯ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಆ್ಯಪಿನಲ್ಲಿ ಕೊನೆಯ ರೆಕಾರ್ಡಿಂಗಿನ ತಾರೀಖು ನೋಡಿ. 'ಹೈ ಎಂಡ್ಯೂರೆನ್ಸ್' ಎಂದು ಬರೆದಿರುವ, ಸತತ ಬರೆಯುವಿಕೆ ತಾಳುವ ಕಾರ್ಡ್ ಕೊಳ್ಳಿ, ಆ್ಯಪಿನಿಂದಲೇ ಫಾರ್ಮ್ಯಾಟ್ ಮಾಡಿ. ರೂಟರ್ ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಜೋಡಿಸಬೇಕಾಗುತ್ತದೆ ಎಂಬುದನ್ನೂ ಮರೆಯಬೇಡಿ. ಬಹಳಷ್ಟು ಕ್ಯಾಮೆರಾಗಳು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ.

ಒಮ್ಮೆ ಮೇನ್ ಸ್ವಿಚ್ ಆರಿಸಿ ಹತ್ತು ನಿಮಿಷ ಬಿಟ್ಟು ಹಾಕಿ ನೋಡಿ, ರೆಕಾರ್ಡಿಂಗ್ ತಾನಾಗಿ ಶುರುವಾಗಬೇಕು. ಯುಪಿಎಸ್ ಇದ್ದರೆ ಡಿವಿಆರ್ ಒಂದಕ್ಕೇ ಕೊಟ್ಟರೆ ಸಾಲದು, ಕ್ಯಾಮೆರಾಗಳ ಅಡಾಪ್ಟರೂ ಅದರಲ್ಲೇ ಇರಬೇಕು.

ಅಳವಡಿಸುವ ನಮ್ಮ ಬಳಗದವರಿಗೂ ಒಂದು ಮಾತು. ಲೈವ್ ತೋರಿಸಿ ಹಣ ಎಣಿಸಿಕೊಂಡು ಹೊರಡುವ ಪದ್ಧತಿ ನಿಲ್ಲಬೇಕು. ಅಡ್ಮಿನ್ ಪಾಸ್‌ವರ್ಡ್ ಮನೆಯವರ ಕೈಯಲ್ಲಿರಬೇಕು, ಪೆನ್ ಡ್ರೈವಿಗೆ ಐದು ನಿಮಿಷದ ತುಣುಕು ಇಳಿಸಿ ಕಂಪ್ಯೂಟರಿನಲ್ಲಿ ಓಡಿಸುವುದನ್ನು ಅವರಿಂದಲೇ ಮಾಡಿಸಬೇಕು. ಗ್ರಾಹಕರೂ ಅಲ್ಲಿಯವರೆಗೆ ಕೊನೆಯ ಕಂತು ಕೊಡಬಾರದು.

ಕಳವು ಆಗಿಯೇ ಹೋಗಿದ್ದರೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಡಿ, ಬಿಚ್ಚಲೂ ಹೋಗಬೇಡಿ. ಡಿವಿಆರ್ ತೋರಿಸುವ ಸಮಯಕ್ಕೂ ನಿಜ ಸಮಯಕ್ಕೂ ಇರುವ ವ್ಯತ್ಯಾಸವನ್ನು ಬರೆದಿಟ್ಟುಕೊಂಡು, ಹಳೆಯದು ಅಳಿಯುವ ಮುಂಚೆ ಆ ಭಾಗವನ್ನು ಪ್ರತಿ ಮಾಡಿ ತಡಮಾಡದೆ ಠಾಣೆಗೆ ತಿಳಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ಇಂಥ ಪ್ರತಿಯನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲ ಎಂದು ತೋರಿಸುವ ಗುರುತಿನ ಸಂಕೇತ) ನಮೂದಿಸಿದ ಪ್ರಮಾಣಪತ್ರವೂ ಬೇಕು. ಅದರ ಒಂದು ಭಾಗಕ್ಕೆ ಡಿವಿಆರ್ ಯಾರ ಸುಪರ್ದಿಯಲ್ಲಿದೆಯೋ ಅವರು, ಅಂದರೆ ಮನೆಯವರು ಸಹಿ ಮಾಡಬೇಕಾಗಬಹುದು. ಇನ್ನೊಂದು ಭಾಗಕ್ಕೆ ತಜ್ಞರ ಸಹಿ ಬೇಕು, ಅದನ್ನು ತನಿಖಾಧಿಕಾರಿಯ ಬಳಿ ಕೇಳಿ ತಿಳಿದುಕೊಳ್ಳಿ.

— ಸಿಸಿಟಿವಿ ಅಳವಡಿಕೆ, ದುರಸ್ತಿ ಕೆಲಸಗಾರರು, ಶಿವಮೊಗ್ಗ