ಪ್ರೋಟೀನ್ ಪುಡಿ, ಎನರ್ಜಿ ಡ್ರಿಂಕ್, ಕಬ್ಬಿಣದ ಮಾತ್ರೆ: ಪೋಷಕರ ಗಮನಕ್ಕೆ

ಮಾನ್ಯ ಪೋಷಕರೇ,

ವಂದನೆಗಳು. ಹಾಕಿ ಅಭ್ಯಾಸಕ್ಕೆ ಬರುವ ಮಕ್ಕಳ ಬ್ಯಾಗಿನಲ್ಲಿ ಶೇಕರ್ ಬಾಟಲಿ, ಕವರಿಗೆ ಸುರಿದ ಪುಡಿ, ಎನರ್ಜಿ ಡ್ರಿಂಕ್ ಕ್ಯಾನುಗಳು ಕಾಣಿಸುತ್ತಿವೆ. ಕೊಡಗಿನ ಕೌಟುಂಬಿಕ ಹಾಕಿ ಪಂದ್ಯಾವಳಿಯ ದಿನಗಳು ಹತ್ತಿರ ಬಂದಂತೆ ಇದು ಇನ್ನೂ ಹೆಚ್ಚುತ್ತದೆ. ವೈದ್ಯರ ಚೀಟಿ ಇಲ್ಲದ ಯಾವ ಪುಡಿ, ಮಾತ್ರೆ, ಗಮ್ಮಿಯನ್ನೂ ಇನ್ನು ಮುಂದೆ ಶಾಲೆಗೆ ಕಳಿಸಬೇಡಿ.

ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇದೆಯಲ್ಲ ಎಂದು ನೀವು ಕೇಳಬಹುದು. ಆ 14 ಅಂಕಿ ಹೇಳುವುದು ತಯಾರಕರಿಗೆ ಪರವಾನಗಿ ಇದೆ ಎಂದಷ್ಟೇ. ನಿಮ್ಮ ಕೈಲಿರುವ ಡಬ್ಬಿಯನ್ನು ಯಾರೋ ಪರೀಕ್ಷಿಸಿ ಒಪ್ಪಿದ್ದಾರೆ ಎಂದಲ್ಲ. ಕಾನೂನಿನ ಕಣ್ಣಿಗೆ ಇಂಥ ಪುಡಿಗಳು ಔಷಧಿಯಲ್ಲ, 2006ರ ಆಹಾರ ಸುರಕ್ಷತೆ ಕಾಯ್ದೆಯ ಕೆಳಗೆ ಬರುವ ಆಹಾರ. 2016ರ ನಿಯಮಗಳ ಪ್ರಕಾರ ಇವಕ್ಕೆ ಹಾರ್ಮೋನು, ಸ್ಟೀರಾಯ್ಡ್ ಬೆರೆಸುವಂತಿಲ್ಲ. 'ಹೆಲ್ತ್ ಸಪ್ಲಿಮೆಂಟ್', 'ನಾಟ್ ಫಾರ್ ಮೆಡಿಸಿನಲ್ ಯೂಸ್' ಎಂಬ ಮಾತುಗಳೂ ದಿನದ ಪ್ರಮಾಣ ಮೀರಬಾರದೆಂಬ ಎಚ್ಚರಿಕೆಯೂ ಲೇಬಲ್ಲಿನಲ್ಲಿ ಇರಲೇಬೇಕು. ನಂಬರ್ 2ರಿಂದ ಶುರುವಾಗಿದ್ದರೆ ಅದು ಸಣ್ಣ ವ್ಯಾಪಾರಿಗಳ ನೋಂದಣಿ. ಪ್ರೋಟೀನ್ ಡಬ್ಬಿಯ ಮೇಲೆ ಅದು ಕಂಡರೆ ಅನುಮಾನಿಸಿ. ಜಿಮ್‌ನಲ್ಲಿ ಬಿಡಿಯಾಗಿ ತೂಗಿಕೊಡುವ ಪುಡಿಗೆ ಲೇಬಲ್ಲೂ ಇಲ್ಲ, ಬ್ಯಾಚ್ ನಂಬರೂ ಇಲ್ಲ. ಅದನ್ನು ಮುಟ್ಟಲೇಬೇಡಿ.

ಲೇಬಲ್ ಸರಿಯಾಗಿದ್ದರೂ ಒಳಗಿರುವುದು ಅದೇ ಎಂಬ ಖಾತ್ರಿಯಿಲ್ಲ. ಜರ್ಮನಿಯ ಕೊಲೋನ್ ಪ್ರಯೋಗಾಲಯ 13 ದೇಶಗಳ 634 ಸಪ್ಲಿಮೆಂಟುಗಳನ್ನು ಪರೀಕ್ಷಿಸಿದಾಗ 94ರಲ್ಲಿ ಲೇಬಲ್ಲಿನಲ್ಲಿ ಹೇಳದ ಹಾರ್ಮೋನು ಅಂಶ ಸಿಕ್ಕಿತ್ತು. ವರದಿ ಬಂದದ್ದು 2004ರಲ್ಲಿ. ಪ್ರೋಟೀನ್ ಅಳತೆಯಲ್ಲೂ ಮೋಸಕ್ಕೆ ದಾರಿಯಿದೆ. ಸಾಮಾನ್ಯ ಪರೀಕ್ಷೆ ಅಳೆಯುವುದು ಪ್ರೋಟೀನನ್ನಲ್ಲ, ಅದರಲ್ಲಿರುವ ಸಾರಜನಕವನ್ನು. ಸಾರಜನಕವಿರುವ ಅಗ್ಗದ ಗ್ಲೈಸಿನ್ ಎಂಬ ಅಮೈನೊ ಆಮ್ಲ ಬೆರೆಸಿದರೂ ಅಂಕಿ ಏರುತ್ತದೆ.

ಇಷ್ಟಕ್ಕೂ ಮಗುವಿಗೆ ಬೇಕಾದದ್ದೆಷ್ಟು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ 13ರಿಂದ 15 ವಯಸ್ಸಿನ ಹುಡುಗನಿಗೆ ದಿನಕ್ಕೆ ಸುಮಾರು 45 ಗ್ರಾಂ ಪ್ರೋಟೀನ್, ಹುಡುಗಿಗೆ 43. ಎರಡು ಮೊಟ್ಟೆಯಲ್ಲಿ 12 ಗ್ರಾಂ, ಎರಡು ಲೋಟ ಹಾಲಿನಲ್ಲಿ 13, ಒಂದು ಹಿಡಿ ಹುರಿಗಡಲೆಯಲ್ಲಿ 6, ಸಾರಿಗೆ ಹಾಕುವ 30 ಗ್ರಾಂ ಬೇಳೆಯಲ್ಲಿ 7. ಉಳಿದದ್ದನ್ನು ಅಕ್ಕಿ ರೊಟ್ಟಿ, ಅನ್ನವೇ ತುಂಬುತ್ತವೆ. ಭಾನುವಾರದ ಪಂದಿ ಕರಿಯನ್ನು ಈ ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲ! ಪ್ರೋಟೀನ್ ಪುಡಿ ಬೇಡವೆಂದು ಐಸಿಎಂಆರ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿಯೂ ಹೇಳಿದೆ. ಅತಿಯಾದರೆ ಮೂತ್ರಪಿಂಡಕ್ಕೂ ಮೂಳೆಗೂ ಪೆಟ್ಟು.

ಹೆಚ್ಚು ಆತಂಕ ವ್ಯಾಯಾಮಕ್ಕೆ ಮುಂಚೆ ಕುಡಿಯುವ, ಕೆಫೀನ್ ಇರುವ ಪ್ರೀ-ವರ್ಕೌಟ್ ಪುಡಿಯ ಬಗ್ಗೆ. ಕಾಫಿ ನಾಡಿನವರಿಗೆ ಕೆಫೀನ್ ಹೊಸದಲ್ಲ, ಪ್ರಮಾಣ ಮಾತ್ರ ಬೇರೆ. 40 ಕಿಲೋ ತೂಕದ ಮಗುವಿಗೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುವ ಮಿತಿ ದಿನಕ್ಕೆ 120 ಮಿ.ಗ್ರಾಂ. ಈ ಪುಡಿಯ ಒಂದೇ ಸ್ಕೂಪ್ 200 ದಾಟುವುದು ಸಾಮಾನ್ಯ. ಎದೆಬಡಿತ, ಕೈ ನಡುಕ, ನಿದ್ರೆ ಬಾರದಿರುವುದು ಅದರ ಲಕ್ಷಣಗಳು. ಎನರ್ಜಿ ಡ್ರಿಂಕ್ ಮಕ್ಕಳಿಗಲ್ಲವೆಂದು ಕ್ಯಾನಿನ ಮೇಲೇ ಅಚ್ಚಾಗಿರುತ್ತದೆ, ಓದಿ ನೋಡಿ. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮುಂಚೆ ನಮ್ಮ ದೇಶದ ಹಲವು ಆಟಗಾರರು ಡೋಪಿಂಗ್ (ನಿಷೇಧಿತ ಮದ್ದಿನ) ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು ಮೀಥೈಲ್‌ಹೆಕ್ಸನಮೀನ್ ಎಂಬ ಉತ್ತೇಜಕದಿಂದ. ಇಂಥ ಪುಡಿಗಳಲ್ಲಿ ಸಿಗುತ್ತಿದ್ದ ವಸ್ತು ಅದು. ಡೋಪಿಂಗ್ ನಿಯಮದಲ್ಲಿ 'ಗೊತ್ತಿರಲಿಲ್ಲ' ಎಂದರೆ ಪಾರಾಗಲಾಗದು. ಮುಂದೆ ರಾಜ್ಯ ತಂಡಕ್ಕೆ ಆಡಬೇಕೆನ್ನುವ ಮಕ್ಕಳು ಇದನ್ನು ಈಗಲೇ ತಿಳಿದಿರಲಿ.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆಯ ವಿಷಯ ಬೇರೆ. ಅದು ಸರ್ಕಾರದ ಕಾರ್ಯಕ್ರಮ, 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ನಿಲ್ಲಿಸಬೇಡಿ. ಊಟವಾದ ಮೇಲೆ ನುಂಗಬೇಕು. ಮುಂಚೆ, ನಂತರ ಒಂದು ಗಂಟೆ ಕಾಫಿ, ಚಹಾ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಮಲ ಕಪ್ಪಾದರೆ ಹೆದರಬೇಡಿ. ಆದರೆ ಮನೆಯಲ್ಲಿ ಗರ್ಭಿಣಿಯರಿಗೆ ಕೊಟ್ಟ ಕಬ್ಬಿಣದ ಮಾತ್ರೆಗಳಿದ್ದರೆ ಎತ್ತರದಲ್ಲಿಡಿ. 12 ಕಿಲೋದ ಮಗು ಅಂಥ ನಾಲ್ಕು ಮಾತ್ರೆ ನುಂಗಿದರೂ ವಾಂತಿ, ಹೊಟ್ಟೆನೋವು ಶುರುವಾಗಬಹುದು, ಹನ್ನೆರಡು ನುಂಗಿದರೆ ಪ್ರಾಣಾಪಾಯ. ಮನೆಯಲ್ಲಿ ವಾಂತಿ ಮಾಡಿಸಲು ಹೋಗದೆ, ಖಾಲಿ ಸ್ಟ್ರಿಪ್ ಸಮೇತ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

60,000 ಯೂನಿಟ್ಟಿನ ವಿಟಮಿನ್ ಡಿ ಸ್ಯಾಚೆಯನ್ನು ವೈದ್ಯರು ಬರೆಯುವುದು ಹೆಚ್ಚಾಗಿ ವಾರಕ್ಕೊಂದು. ದಿನಕ್ಕೊಂದೆಂದು ತಿಳಿದು ಕೊಟ್ಟರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಅತಿ ಬಾಯಾರಿಕೆ ಬರುತ್ತವೆ. ಚೀಟಿಯನ್ನು ಎರಡು ಸಲ ಓದಿ.

ವೈದ್ಯರೇ ಪುಡಿ ಬರೆದಿದ್ದರೆ ಬಿಲ್ ಸಮೇತ, ಸೀಲ್ ಇರುವ ಡಬ್ಬಿಯನ್ನೇ ಕೊಳ್ಳಿ. ನಮ್ಮ ಮಳೆಗಾಲದಲ್ಲಿ ತೆರೆದ ಪುಡಿ ಬೇಗ ಗಂಟುಕಟ್ಟುತ್ತದೆ. ಒದ್ದೆ ಚಮಚ ಹಾಕಬೇಡಿ, ವಾಸನೆ ಬದಲಾದರೆ ಎಸೆಯಿರಿ. ಅನುಮಾನ ಬಂದರೆ ಬಿಲ್, ಲೇಬಲ್ಲಿನ ಫೋಟೊ, ಬ್ಯಾಚ್ ನಂಬರ್ ಇಟ್ಟುಕೊಂಡು 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪ್‌ನಲ್ಲಿ ಅಥವಾ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗಳಿಗೆ ದೂರು ಕೊಡಿ. ಕಾಯ್ದೆಯ 40ನೇ ಕಲಮಿನಂತೆ, ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿ, ಶುಲ್ಕ ಕಟ್ಟಿ ನೀವೇ ಪರೀಕ್ಷೆ ಮಾಡಿಸಬಹುದು. ದೋಷ ಕಂಡರೆ ಶುಲ್ಕ ವಾಪಸ್.

ಮಗುವಿಗೆ ಈಗಾಗಲೇ ಏನಾದರೂ ಕೊಡುತ್ತಿದ್ದರೆ ಅದರ ಹೆಸರು, ಪ್ರಮಾಣ, ಎಷ್ಟು ದಿನದಿಂದ ಎಂಬುದನ್ನು ಬರೆದು, ವೈದ್ಯರ ಚೀಟಿಯ ಪ್ರತಿಯೊಂದಿಗೆ ಈ ವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ಚೀಟಿ ಇಲ್ಲದಿದ್ದರೂ ಬರೆದು ಕಳಿಸಿ, ಯಾರನ್ನೂ ದಂಡಿಸುವುದಿಲ್ಲ.

ಇಂತಿ,
ಮುಖ್ಯೋಪಾಧ್ಯಾಯರು