ಟ್ರಾಮ್ ಮೇಡಂ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿ ಕಸಿವಿಸಿಯಾಯಿತು. 14 ವರ್ಷ ನೀತಿಶಾಸ್ತ್ರ ಪಾಠ ಮಾಡಿದವನಿಗೆ ಪ್ರಮೋಷನ್ ಸಂದರ್ಶನದಲ್ಲಿ ಕೇಳಿದ್ದು "ಪ್ರಕಟಿಸಿದ ಪೇಪರ್ ಎಷ್ಟು?" ಅಂತ ಮಾತ್ರ. ಆಗ ಏನು ಹೇಳಬೇಕೋ ತೋಚಲಿಲ್ಲ. ಅದಕ್ಕೇ ಈ ಕಾಗದ.

ವರ್ಷಾವರ್ಷ ಬೋರ್ಡಿನ ಮೇಲೆ ಕವಲೊಡೆದ ಹಳಿ ಬರೆದು, ಈ ಕಡೆ ಐದು ಗೆರೆ, ಆ ಕಡೆ ಒಂದು ಗೆರೆ ಎಳೆದು ಹುಡುಗರನ್ನು ಜಗಳಕ್ಕೆ ಬಿಡುತ್ತೀಯಲ್ಲ, ಆ ಟ್ರಾಮ್ ಬಿಟ್ಟ ತತ್ತ್ವಶಾಸ್ತ್ರಜ್ಞೆ ಫಿಲಿಪ್ಪಾ ಫುಟ್ ಮೇಡಂ ನೆನಪಾದರು. ಹಿಡಿತ ತಪ್ಪಿದ ಟ್ರಾಮ್ ನೇರ ಹೋದರೆ ಹಳಿಯ ಮೇಲಿನ ಐವರು ಸಾಯುತ್ತಾರೆ, ಡ್ರೈವರ್ ಇನ್ನೊಂದು ಹಳಿಗೆ ತಿರುಗಿಸಿದರೆ ಒಬ್ಬ. 1967ರಲ್ಲಿ ಗರ್ಭಪಾತದ ಬಗ್ಗೆ ಬರೆದ ಲೇಖನದ ನಡುವೆ ಬಂದುಹೋಗುವ ಉದಾಹರಣೆ ಅದು. ಅದೇ ಲೇಖನದಲ್ಲಿ ಒಬ್ಬ ನ್ಯಾಯಾಧೀಶನೂ ಇದ್ದ, ಪಾಪ, ಅವನನ್ನು ಎಲ್ಲರೂ ಮರೆತರು. ದೊಂಬಿ ಎದ್ದವರ ಕೈಯಲ್ಲಿ ಐವರು ಒತ್ತೆಯಾಳು. ನಿರಪರಾಧಿಯೊಬ್ಬನನ್ನು ಗಲ್ಲಿಗೇರಿಸಿದರೆ ಅವರು ಉಳಿಯುತ್ತಾರೆ. ಲೆಕ್ಕ ಅದೇ, ಐದಕ್ಕೆ ಒಂದು. ಆದರೂ ಟ್ರಾಮ್ ತಿರುಗಿಸು ಅನ್ನುವವರು ಗಲ್ಲಿಗೇರಿಸು ಅನ್ನುವುದಿಲ್ಲ. ಯಾಕೆ? ಡ್ರೈವರ್ ಯಾವ ಕಡೆ ಹೋದರೂ ಕೊಲ್ಲುವವನೇ, ಕಡಿಮೆ ಕೊಲ್ಲಲಿ. ನ್ಯಾಯಾಧೀಶನಾದರೋ ಕಾಪಾಡಲೆಂದೇ ಕೊಲ್ಲಬೇಕು. ಕೇಡು ಮಾಡದಿರುವ ಹೊಣೆ ನೆರವಾಗುವ ಹೊಣೆಗಿಂತ ಭಾರ ಅಂತ ಮೇಡಂ ವಾದ.

ಮೇಡಂ ಅಮೆರಿಕದ ಅಧ್ಯಕ್ಷರಾಗಿದ್ದ ಗ್ರೋವರ್ ಕ್ಲೀವ್‌ಲ್ಯಾಂಡ್‌ರ ಮಗಳ ಮಗಳು. ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಅಲ್ಲಿ ಊಟ ಮುಗಿಸಿ ಇನ್ನೊಬ್ಬ ತತ್ತ್ವಶಾಸ್ತ್ರಜ್ಞೆ ಎಲಿಜಬೆತ್ ಆನ್ಸ್‌ಕೋಂಬ್ ಎದುರು ಕೂತರೆ ವಾದವೋ ವಾದ, ಸೋಲುವುದು ಹೆಚ್ಚಾಗಿ ಇವರೇ. 1969ರಲ್ಲಿ ಆ ಕೆಲಸ ಬಿಟ್ಟು ಅಮೆರಿಕಕ್ಕೆ ಹೋದರು. ಲಾಸ್ ಏಂಜಲಿಸ್‌ನಲ್ಲಿ 1991ರವರೆಗೂ ಪಾಠ. ಅಷ್ಟರಲ್ಲಿ ಬಂದದ್ದು ಬಿಡಿ ಲೇಖನಗಳು, ಅವುಗಳ ಸಂಕಲನ. ಇಡಿಯಾಗಿ ಒಂದೇ ವಿಷಯ ಹಿಡಿದು ಬರೆದ ಪುಸ್ತಕ 'ನ್ಯಾಚುರಲ್ ಗುಡ್‌ನೆಸ್' ಹೊರಬಂದದ್ದು 2001ರಲ್ಲಿ, 80 ದಾಟಿದ ಮೇಲೆ! ಓಕ್ ಮರಕ್ಕೆ ಬೇರು ಗಟ್ಟಿಯಿಲ್ಲದಿದ್ದರೆ ಅದು ಹೇಗೆ ಮರದ ಐಬೋ, ಮನುಷ್ಯನಿಗೆ ದುರ್ಗುಣವೂ ಹಾಗೇ ಐಬು ಅಂತ ಅದರಲ್ಲಿ ಹೇಳುತ್ತಾರೆ. ನನಗೆ ಟ್ರಾಮಿಗಿಂತ ಈ ಮರವೇ ಇಷ್ಟ, ತೋಟದವನಲ್ಲವೇ.

ಅವರಿಗೆ ಆಕ್ಸ್‌ಫರ್ಡ್ ಇತ್ತು, ನಿನಗಿರುವುದು ವಾರಕ್ಕೆ 16 ಗಂಟೆ ಪಾಠ, ಮೇಲೆ ಇಲೆಕ್ಷನ್ ಡ್ಯೂಟಿ. ಗೊತ್ತು ಮಾರಾಯ. ಆದರೂ ದುಡ್ಡು ಕೊಟ್ಟು ಪೇಪರ್ ಅಚ್ಚುಹಾಕಿಸುವ ಯೋಚನೆ ಸದ್ಯಕ್ಕೆ ಬಿಡು. ಆ ನೀಲಿ ರಟ್ಟಿನ ನೋಟ್‌ಬುಕ್ ಅರ್ಧಕ್ಕೇ ನಿಂತಿದೆಯಲ್ಲ, ದಸರಾ ರಜೆಗೆ ಬರುವಾಗ ತಗೊಂಡು ಬಾ. ಓದಿ ಜಗಳ ಆಡೋಣ.

ಮತ್ತೆ, ಈ ವರ್ಷ ಬೋರ್ಡಿನಲ್ಲಿ ಆ ನ್ಯಾಯಾಧೀಶನಿಗೂ ಸ್ವಲ್ಪ ಜಾಗ ಬಿಡು.

ನಿನ್ನ,
ತೋಟದ ಗೆಳೆಯ