ಬೆಟಗೇರಿಯ ನಮ್ಮ ಓಣಿಗೆ, ನಮ್ಮ ಸಭೆಗೆ ವಂದನೆ

ಹೋದ ಭಾನುವಾರ ನಮ್ಮ ಅತ್ತೆಯವರು ವಾಕರ್ ಹಿಡಿದು ತಾವೇ ನಡೆದು ಚರ್ಚಿಗೆ ಬಂದರು. ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದಿತ್ತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯ್ತು, ರಾಡ್ ಹಾಕಿದರು, ಆಮೇಲೆ ತಿಂಗಳುಗಟ್ಟಲೆ ಹಾಸಿಗೆ. ಆಗ ನಮ್ಮ ಕೈ ಹಿಡಿದವರಿಗೆಲ್ಲ ಮನಸಾರೆ ವಂದನೆ. ಹೆಸರು ಮಾತ್ರ ಬರೆಯುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೂ ಗೊತ್ತಾಗಬಾರದು ಅಂತ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ್ದಾರಲ್ವಾ, ನೀವು ಮಾಡಿದ್ದೂ ಹಾಗೇ. ಅದನ್ನು ನಾನು ಕೆಡಿಸಬಾರದು.

ಪ್ರಾರ್ಥನೆಗೆ ತುಂಬಾ ಜನ ಬಂದರು. ಎಲ್ಲರಿಗೂ ಋಣಿ. ಒಬ್ಬ ಅಕ್ಕನ ಬಗ್ಗೆ ಮಾತ್ರ ಹೇಳಲೇಬೇಕು. ಅತ್ತೆಯ ಪಕ್ಕ ಕೂತು ಎರಡೇ ಮಾತಿನ ಪ್ರಾರ್ಥನೆ ಮಾಡಿ ಸೀದಾ ಹಿತ್ತಲಿಗೆ ಹೋದರು. ಅಲ್ಲಿ ಹಾಲು ತಳ ಹಿಡಿದ ಬೋಗುಣಿ ನೆನೆಯಲು ಇಟ್ಟಿತ್ತು. ಸೆರಗು ಸಿಕ್ಕಿಸಿ, ಬೂದಿ, ತೆಂಗಿನ ನಾರು ತಗೊಂಡು ತಿಕ್ಕಲು ಕೂತರು. ಹೊರಗೆ ಹೊಳೆದರೆ ಸಾಕು ಅಂತ ಬಿಡಲಿಲ್ಲ. ಒಳಗೆ ಬೆರಳಾಡಿಸಿ, ಇನ್ನೂ ಕರಕಲು ಉಳಿದಿದೆ ಅಂತ ಮತ್ತೆ ತಿಕ್ಕಿದರು. ಅತ್ತೆಯ ಬೆಡ್‌ಪ್ಯಾನೂ ತೊಳೆದಿಟ್ಟರು. ಬೇಡ ಅಂದರೆ, "ನಮ್ಮವ್ವಂದಾಗಿದ್ರ ತೊಳೀತಿದ್ದಿಲ್ಲೇನು?" ಅಂದರು.

ಮೊದಲು ಬಟ್ಟಲಿನ ಒಳಗನ್ನು ಶುಚಿ ಮಾಡಿ ಅಂತ ಯೇಸು ಫರಿಸಾಯರಿಗೆ, ಅಂದರೆ ಹೊರಗಿನ ಆಚಾರಕ್ಕೇ ಒತ್ತು ಕೊಡುತ್ತಿದ್ದ ಯೆಹೂದಿ ಧಾರ್ಮಿಕರಿಗೆ, ಹೇಳಿದ್ದನ್ನು ಎಷ್ಟೋ ಸಲ ಓದಿದ್ದೆ. ಮನಸ್ಸಿನ ವಿಷಯ ಹೇಳಲು ಅಡುಗೆಮನೆಯ ಪಾತ್ರೆಯನ್ನೇ ಯಾಕೆ ತೋರಿಸಿದರು ಅನ್ನೋದು ಆ ಹಿತ್ತಲಲ್ಲಿ ಅರ್ಥವಾಯ್ತು. ಪಾತ್ರೆಯ ಒಳಗು ಬಂದುಹೋಗುವವರ ಕಣ್ಣಿಗೆ ಬೀಳೋದಿಲ್ಲ. ಅದರಲ್ಲಿ ಉಣ್ಣುವವರಿಗೆ ಗೊತ್ತಾಗುತ್ತೆ.

ಇನ್ನು ನಮ್ಮ ಮಗ್ಗದ ಮನೆಯ ಕಾಕಾ, ಕಾಕು. 1841ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ ಬೆಟಗೇರಿಗೆ ಬಂದಾಗಿನಿಂದ ಮಗ್ಗದ ಸದ್ದು, ಚರ್ಚಿನ ಗಂಟೆ ಎರಡೂ ಕೇಳುವ ಊರಿದು. ಇಲ್ಲಿ ನೀರಿನ ಕಷ್ಟ ಎಲ್ಲರಿಗೂ ಗೊತ್ತು. ನಳ ಬಂದ ದಿನ ಬಿಟ್ಟರೆ ಮತ್ತೆ ಯಾವಾಗಲೋ! ನಾವು ಹುಬ್ಬಳ್ಳಿಯಲ್ಲಿದ್ದಾಗ ಒಂದು ನಡುರಾತ್ರಿ ನಳ ಬಂತಂತೆ. ತಮ್ಮ ಕೊಡ ತುಂಬುವ ಮೊದಲು ನಮ್ಮ ಅಂಗಳದ ಬ್ಯಾರಲ್ ತುಂಬಿ, ಮುಚ್ಚಿ, ಮೇಲೆ ಕಲ್ಲು ಇಟ್ಟಿದ್ದರು. ನಮಗೆ ಹೇಳಲೂ ಇಲ್ಲ. ನಾವೇ ಕೇಳಿದಾಗ ಕಾಕಾ, "ನಳಾ ಬಂದಿತ್ತು, ತುಂಬಿದ್ವಿ. ಅದರಾಗೇನೈತವ್ವಾ?" ಅಂದರು. ಅವರು ಬೈಬಲ್ ಓದಿದವರಲ್ಲ. ಮತ್ತಾಯನ ಆ ಬಲಗೈ ಎಡಗೈ ಮಾತನ್ನು ಇಷ್ಟು ಚೆನ್ನಾಗಿ ನಡೆಸಿದವರನ್ನು ನಾನು ಬೇರೆ ಕಂಡಿಲ್ಲ.

ಬೈಬಲಿನ ಜ್ಞಾನೋಕ್ತಿಗಳಲ್ಲಿ ದೇವರು ಅಂತರಂಗವನ್ನು ತೂಗಿ ನೋಡುತ್ತಾನೆ ಅಂತಿದೆ. ಆ ತೂಕ ದೇವರ ಕೆಲಸ, ನಿಜ. ಆದರೆ ಸಹಾಯ ಪಡೆದವರಿಗೂ ಒಂದಿಷ್ಟು ತಿಳಿಯುತ್ತೆ ಅಂತ ನನ್ನ ನಂಬಿಕೆ. ಕೆಲವರ ಸಹಾಯ ತಗೊಂಡರೆ ತಲೆ ತಗ್ಗಿಸಿ ನಡೀಬೇಕಾಗುತ್ತೆ. ನಿಮ್ಮದು ಹಾಗಾಗಲಿಲ್ಲ. ಹಣ್ಣು ಕೊಟ್ಟು ಫೋಟೋ ತೆಗೆದು ಸ್ಟೇಟಸ್ ಹಾಕುವ ಕಾಲ ಇದು. ಹಾಸಿಗೆ ಹಿಡಿದ ಹಿರಿಯರ ಮಾನ ಅದರಲ್ಲಿ ಹೋಗುತ್ತೆ. ನಮ್ಮ ಮನೆಗೆ ಬಂದ ಯಾರೂ ಮೊಬೈಲ್ ಎತ್ತಲಿಲ್ಲ.

ಅತ್ತೆಯ ಬೈಬಲಿನಲ್ಲಿ ಹೆಸರಿಲ್ಲದ ಕವರ್ ಇಟ್ಟುಹೋದವರಿಗೆ, ದಿನಾ ರೊಟ್ಟಿ ಪಲ್ಯ ಕಳಿಸಿದ ಮನೆಗಳಿಗೆ, ಬೈದು ಬೈದು ನಡೆಸಿದ ಫಿಸಿಯೋಥೆರಪಿಯ ತಂಗಿಗೆ, ಡಾಕ್ಟರು, ನರ್ಸುಗಳಿಗೆ, ನಮ್ಮ ಸಭಾಪಾಲಕರಿಗೆ ವಂದನೆಗಳು.

ಮಾರ್ಕನ ಸುವಾರ್ತೆಯಲ್ಲಿ ಯೇಸುವಿನ ಶಿಷ್ಯ ಪೇತ್ರನ ಅತ್ತೆ ಜ್ವರ ಬಿಟ್ಟ ಕೂಡಲೇ ಎದ್ದು, ಬಂದವರಿಗೆಲ್ಲ ಉಪಚಾರ ಮಾಡಿದರು. ನಮ್ಮ ಅತ್ತೆಗೆ ಈಗ ಆ ಮಾತಿನದೇ ಹುರುಪು. ಕುರ್ಚಿ ಮೇಲೆ ಕೂತೇ ಕಡಲೆಬೇಳೆ ಆರಿಸುತ್ತಿದ್ದಾರೆ. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರೂ ನಮ್ಮಲ್ಲಿಗೆ ಊಟಕ್ಕೆ ಬನ್ನಿ. ಹೋಳಿಗೆ, ಕಟ್ಟಿನ ಸಾರು ಮಾಡ್ತೀವಿ. ಮಗ್ಗದ ಮನೆಯವರೂ ಬರ್ತಾರೆ. ಬರುವಾಗ ಏನೂ ತರಬೇಡಿ.